ಹಡಗಲಿ ಹಿತ್ತಲಿನ ನಾಲ್ಕು ನೀರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಡಗಲಿಯ ಗಂಡನ ಮನೆಯಲ್ಲಿ ಮೊದಲ ಬೆಳಿಗ್ಗೆ ನಾನು ಮುಖ ತೊಳೆದದ್ದು ಬಾಳೆಗಿಡದ ಬುಡದಲ್ಲಿ ಎಂದು ನನ್ನ ನೆನಪು. ಡೈರಿಯಲ್ಲಿ ನಿಂಬೆಗಿಡ ಎಂದಿದೆ. ಅಕ್ಷರ ನನ್ನದೇ, ಶಾಯಿಯೂ ಅಂದಿನದೇ. ಆದರೆ ಅಗಲವಾದ ಎಲೆಯೊಂದು ಕುತ್ತಿಗೆಗೆ ತಣ್ಣಗೆ ತಾಗಿದ್ದು ಇವತ್ತಿಗೂ ನೆನಪಿದೆ. ನಿಂಬೆಗೆ ಅಂಥ ಎಲೆ ಎಲ್ಲಿಂದ ಬರಬೇಕು?

ಗಿಡ ಯಾವುದೇ ಇರಲಿ, ಅತ್ತೆ ಆಡಿದ ಮಾತಿನ ಬಗ್ಗೆ ಅನುಮಾನವಿಲ್ಲ. ತಂಬಿಗೆ ಹಿಡಿದು ಬಚ್ಚಲಿನ ಕಡೆ ಹೊರಟವಳನ್ನು ತಡೆದು, "ಅಲ್ಲಿ ಬ್ಯಾಡವಾ. ಗಿಡದ ಬುಡಕ್ಕ ಕುಂತು ಮಾರಿ ತೊಳ್ಕೊ. ನೀರು ದಂಡ ಆಗ್ತೈತಿ" ಎಂದರು. ಮಾರಿ ಎಂದರೆ ಮುಖ ಎಂದು ಹೊಳೆಯಲು ನನಗೆ ಒಂದು ಗಳಿಗೆ ಬೇಕಾಯಿತು. ಮದುವೆಯ ಸೀರೆಯ ಮಡಿಕೆ ಇನ್ನೂ ಮುರಿದಿರಲಿಲ್ಲ. ಅದನ್ನು ಮೊಣಕಾಲಿಗೆ ಎತ್ತಿಕೊಂಡು ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತೆ. ಪಕ್ಕದ ಮನೆಯ ಮೋಟು ಗೋಡೆಯ ಮೇಲೆ ಒಂದು ತಲೆ ಮೂಡಿ, ಹೊಸ ಸೊಸೆ ಬಾಯಿ ಮುಕ್ಕಳಿಸುವುದನ್ನು ಪೂರ್ತಿ ನೋಡಿತು. ಆಕೆ ಹಾಲಮ್ಮ. ಮುಂದಿನ ಹತ್ತು ವರ್ಷ ಆ ತಲೆ ಆ ಗೋಡೆಯಿಂದ ಇಳಿದದ್ದನ್ನು ನಾನು ಕಂಡದ್ದು ಕಡಿಮೆ.

ನಾನು ಮಾನಸಗಂಗೋತ್ರಿಯಲ್ಲಿ ಇತಿಹಾಸದ ಎಂ.ಎ. ಮಾಡಿದವಳು. ಅಲ್ಲೇ ಓದುತ್ತಿದ್ದ ಹಡಗಲಿಯವರನ್ನು ಮದುವೆಯಾಗಿ, ತುರ್ತುಪರಿಸ್ಥಿತಿ ಮುಗಿದ ಮಾರನೆಯ ವರ್ಷ ಇಲ್ಲಿಗೆ ಬಂದೆ. ಅವರು ಇಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ತುಂಬಾ ಅಚ್ಚುಕಟ್ಟಾಗಿ ಹೇಳುವ ಸಾಕ್ಷಿಯನ್ನು ನಂಬಬೇಡಿ ಎಂದು ನಮ್ಮ ಗುರುಗಳೊಬ್ಬರು ತರಗತಿಯಲ್ಲಿ ಹೇಳುತ್ತಿದ್ದರು. ಆದ್ದರಿಂದ ಇದನ್ನು ಬರೆಯುವಾಗ ಹಳೆಯ ಡೈರಿಗಳನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಅವನ್ನು ಬರೆದವಳೂ ನಾನೇ ಆದ್ದರಿಂದ ಅದರಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ.

ಮೈಸೂರಿನ ನಮ್ಮ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು. ಅದು ಎಲ್ಲಿಂದ ಬರುತ್ತದೆ ಎಂದು ಎಂ.ಎ. ಮುಗಿಯುವವರೆಗೂ ನಾನು ಕೇಳಿದವಳಲ್ಲ. ಹಡಗಲಿಯಲ್ಲಿ ನಲ್ಲಿಗೆ ನಳ ಎನ್ನುತ್ತಾರೆ. ನಮ್ಮ ಓಣಿಯ ನಳ ದಿನ ಬಿಟ್ಟು ದಿನ, ಬೆಳಿಗ್ಗೆ ಅರ್ಧ ಗಂಟೆ, ಅದೂ ಮನಸ್ಸಿದ್ದರೆ ಬರುತ್ತಿತ್ತು. ಹಿತ್ತಲಿನಲ್ಲಿ ಬಾವಿ ಇತ್ತು, ಅದರ ನೀರು ಸವಳು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ತಲೆಗೆ ಹಾಕಿಕೊಂಡರೆ ಕೂದಲು ತೆಂಗಿನ ನಾರು. ತುಂಗಭದ್ರೆ ಕೆಲವೇ ಮೈಲಿ ಆಚೆ ಹರಿಯುತ್ತಾಳೆ ಎಂದು ಎಲ್ಲರೂ ಹೇಳುತ್ತಿದ್ದರು. ಆ ಮಾತನ್ನು ಅವರು ಹೇಳುತ್ತಿದ್ದ ರೀತಿ, ಶ್ರೀಮಂತ ನೆಂಟರೊಬ್ಬರು ದೂರದ ಊರಿನಲ್ಲಿದ್ದಾರೆ ಎನ್ನುವ ಹಾಗೆ.

ಆದ್ದರಿಂದ ಆ ಹಿತ್ತಲಿನಲ್ಲಿ ನಾಲ್ಕು ಬಾನಿಗಳು. ಬಾನಿ ಎಂದರೆ ಅಗಲ ಬಾಯಿಯ ಪಾತ್ರೆ. ನೀರು ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಕಾಯುವ ಜಾಗ. ಮೊದಲನೆಯದು ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರಿಗೆ, ಅದು ಕರಿಬೇವಿಗೆ. ಎರಡನೆಯದು ಬೂದಿ ಹಚ್ಚಿ ಪಾತ್ರೆ ಬೆಳಗಿದ ನೀರಿಗೆ. ಅದು ಬಾಳೆಗೆ ಮತ್ತು ಕುಂಬಳದ ಬಳ್ಳಿಗೆ. ಮೂರನೆಯದು ಬಟ್ಟೆಯ ನೀರಿಗೆ. ಅದರಲ್ಲಿಯೂ ಮೊದಲ ಸೋಪಿನ ನೀರು ಗಿಡಕ್ಕಿಲ್ಲ, ಬಾಗಿಲ ಮುಂದಿನ ದೂಳು ಕೂರಿಸಲಿಕ್ಕೆ. ಮೂರನೆಯ ಸಲ ಜಾಲಿಸಿದ ನೀರು ಮಾತ್ರ ತೆಂಗಿಗೆ. ನಾಲ್ಕನೆಯ ಬಾನಿಯ ನೀರು ನೆಲ ಒರೆಸಿದ್ದು. ಇಲ್ಲಿನ ನೆಲ ಪರ್ಸಿ, ಅಂದರೆ ಚಪ್ಪಡಿ ಕಲ್ಲಿನದು. ಅದನ್ನು ಒರೆಸಿದ ಕೆಂಪು ನೀರು ನೇರವಾಗಿ ಮಲ್ಲಿಗೆಗೆ. ಮನೆಯೊಳಗಿನ ಮಣ್ಣು ಮನೆಯ ಹೂವಿಗೇ ಸಲ್ಲಬೇಕು ಎಂದು ಅತ್ತೆಯ ವಾದ. ಬಾವಿಯ ಸವಳು ನೀರನ್ನು ಮಾತ್ರ ಅವರು ಎಂಥ ಬೇಸಿಗೆಯಲ್ಲೂ ಮಲ್ಲಿಗೆಯ ಹತ್ತಿರ ಸುಳಿಯಗೊಡುತ್ತಿರಲಿಲ್ಲ.

ಓದುವವರಿಗೆ ಇದು ಸೊಗಸಾಗಿ ಕಾಣಬಹುದು. ದಿನಕ್ಕೆ ಹನ್ನೆರಡು ಸಲ ಆ ಬಾನಿಗಳ ನಡುವೆ ಓಡಾಡಿದವಳಿಗೆ ಹಾಗೆ ಕಾಣಲಿಲ್ಲ. ಒಂದು ಲೋಟ ತೊಳೆದರೂ, ಆ ಲೋಟದಲ್ಲಿ ಏನಿತ್ತು, ಹಾಲೋ ಮಜ್ಜಿಗೆಯೋ, ಬೂದಿ ಹಚ್ಚಿದೆಯೋ ಇಲ್ಲವೋ ಎಂಬ ವಿಚಾರಣೆ. ತಪ್ಪಿ ಬಚ್ಚಲಿಗೆ ಚೆಲ್ಲಿದರೆ ಅತ್ತೆ ಬೈಯುತ್ತಿರಲಿಲ್ಲ. ಸುಮ್ಮನೆ ಬಂದು, ಹರಿದುಹೋಗುವ ನೀರನ್ನು ಅದು ಮೋರಿಯ ಬಾಯಿ ಸೇರುವವರೆಗೆ ನೋಡುತ್ತ ನಿಲ್ಲುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮನೆಗೆ ಬಂದ ಹೆಡ್‌ಮಾಸ್ಟರರನ್ನು ಊಟವಾದ ಮೇಲೆ ಕೈತೊಳೆಯಲು ದಾಳಿಂಬೆ ಗಿಡಕ್ಕೆ ಕರೆದೊಯ್ದ ದಿನ ನನಗೆ ನೆಲ ಬಿರಿಯಬಾರದೇ ಎನಿಸಿತು. ಅವರಿಗೆ ಏನೂ ಅನಿಸಿದಂತಿರಲಿಲ್ಲ. ಗಿಡದ ಸುತ್ತ ಸಮನಾಗಿ ಬೀಳುವಂತೆ ತಿರುಗಿ ತಿರುಗಿ ತೊಳೆದರು.

ನಾನು ಮೈಸೂರಿನಿಂದ ತಂದಿದ್ದ ಫಿನಾಯಿಲಿನ ಕಥೆ ಮೂರು ದಿನಕ್ಕೇ ಮುಗಿಯಿತು. ನೆಲ ಒರೆಸುವ ನೀರಿಗೆ ಒಂದು ಮುಚ್ಚಳ ಹಾಕಿದ್ದೆ; ಮನೆಗೆ ಮನೆಯ ವಾಸನೆ ಬಂತು ಎಂದು ಒಳಗೊಳಗೇ ಹಿಗ್ಗಿದ್ದೆ. ಅತ್ತೆ ಬಕೀಟನ್ನು ಮೂಸಿ ನೋಡಿ, "ಈ ನೀರು ಯಾವ ಗಿಡಕ್ಕ ಹಾಕ್ಲೆವ್ವಾ? ಹಾಕಿದ್ರ ಗಿಡ ಸಾಯ್ತೈತಿ, ಚೆಲ್ಲಿದ್ರ ನನಗ ಹೊಟ್ಟಿ ಉರೀತೈತಿ" ಎಂದರು. ಗಂಡನ ಹತ್ತಿರ ದೂರು ಹೇಳಿದೆ. ಅವರು ಉತ್ತರಪತ್ರಿಕೆಗಳಿಂದ ತಲೆ ಎತ್ತದೆ, "ಬಾಟ್ಲಿ ಒಳಗ ಇಟ್ಟುಬಿಡು" ಎಂದರು. ಮೈಸೂರಿನಲ್ಲಿ ಸಮಾನತೆಯ ಬಗ್ಗೆ ನನ್ನ ಜೊತೆ ಗಂಟೆಗಟ್ಟಲೆ ವಾದ ಮಾಡುತ್ತಿದ್ದ ಮನುಷ್ಯ ಇವರೇ. ಆ ವರ್ಷದ ಡೈರಿಯ ಪುಟಪುಟದಲ್ಲೂ ನೀರಿನದೇ ಜಗಳ. ರೊಟ್ಟಿ ತಟ್ಟಲು ಕಲಿತದ್ದು, ಜ್ವರ ಬಂದು ಒಬ್ಬಳೇ ಮಲಗಿದ್ದು, ಅಮ್ಮನ ಕಾಗದ ಬಂದದ್ದು ಇವೆಲ್ಲ ಒಂದೊಂದೇ ಸಾಲು.

ಸಂಜೆ ನಾಲ್ಕೂವರೆಗೆ ಮಾತ್ರ ಆ ಹಿತ್ತಲು ಬೇರೆಯಾಗುತ್ತಿತ್ತು. ಅಲ್ಲಿ ಮೂರು ಮಲ್ಲಿಗೆಯ ಪೊದೆಗಳಿದ್ದವು, ಎದೆಮಟ್ಟದವು. ಹಡಗಲಿಯ ಮಲ್ಲಿಗೆಯನ್ನು ನಾನು ಹೊಗಳಬೇಕಾಗಿಲ್ಲ. ಆದರೆ ಈ ಊರಿನಲ್ಲಿ ಹೂವಿನ ತೋಟಗಳಿದ್ದರೂ ನಮ್ಮ ಓಣಿಯ ಹೆಂಗಸರು ಮುಡಿಯುತ್ತಿದ್ದದ್ದು ಅತ್ತೆಯ ಹಿತ್ತಲಿನ ಹೂವನ್ನೇ. ಮೊಗ್ಗು ಬಿಡುವ ತಿಂಗಳುಗಳಲ್ಲಿ ಏಳೆಂಟು ಜನ ಬಂದು ಬಾವಿಕಟ್ಟೆಯ ಮೇಲೆ ಕೂರುತ್ತಿದ್ದರು. ಅತ್ತೆ ಬಿಡಿಸಿ ಕೊಡುವುದು, ಅವರು ಕಟ್ಟುವುದು, ಜೊತೆಗೆ ಊರಿನ ಸಮಾಚಾರವೆಲ್ಲ.

ಅತ್ತೆ ಮೂವತ್ತೆರಡಕ್ಕೆ ಗಂಡನನ್ನು ಕಳೆದುಕೊಂಡವರು. ಅವರು ಹೂ ಮುಡಿಯುವ ಹಾಗಿರಲಿಲ್ಲ. ಮದುವೆ, ಸೀಮಂತಗಳಲ್ಲಿ ಮುಂದೆ ಕಾಣಿಸಿಕೊಳ್ಳುತ್ತಿರಲಿಲ್ಲ. ಯಾರೂ ಬರಬೇಡ ಎನ್ನುತ್ತಿರಲಿಲ್ಲ, ಅವರೇ ಹಿಂದಿನ ಪಡಸಾಲೆಯಲ್ಲಿ ಸೌತೆಕಾಯಿ ಹೆಚ್ಚುತ್ತ ಉಳಿಯುತ್ತಿದ್ದರು. ಆದರೆ ಆ ಮದುವೆಯ ಹಿಂದಿನ ದಿನ ಮದುವಣಗಿತ್ತಿಯ ತಾಯಿ ಮೊದಲು ಬರುತ್ತಿದ್ದದ್ದು ಇವರ ಹಿತ್ತಲಿಗೆ. ಆ ಮೂರು ಪೊದೆಗಳಿದ್ದದ್ದರಿಂದ ಓಣಿ ಅವರ ಮನೆಗೆ ಬರುತ್ತಿತ್ತು. ಇದು ನನಗೆ ಆಗ ಗೊತ್ತಿತ್ತೇ, ಗಿಡಗಳು ಹೋದ ಮೇಲೆ ಗೊತ್ತಾಯಿತೇ? ಡೈರಿ ಏನೂ ಹೇಳುವುದಿಲ್ಲ. ಮೊದಲೇ ಗೊತ್ತಿತ್ತು ಎಂದುಕೊಂಡರೆ ನಾನು ಇನ್ನಷ್ಟು ಸಣ್ಣವಳಾಗುತ್ತೇನೆ. ಆದ್ದರಿಂದ ಗೊತ್ತಿರಲಿಲ್ಲ ಎಂದು ನೆನಪು ನನಗೆ ಅನುಕೂಲ ಮಾಡಿಕೊಡುತ್ತಿರಬಹುದು.

ಈ ಕಡೆ ದಸರೆಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುತ್ತಾರೆ. ಮುಖ್ಯವಾಗಿ ಕೌದಿಗಳನ್ನು: ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ದಪ್ಪ ಹೊದಿಕೆ. ಒಣಗಿದಾಗ ಮಗುವಿನಷ್ಟು ಭಾರ, ನೆನೆದರೆ ಎಮ್ಮೆಯಷ್ಟು. ಮೊದಲ ವರ್ಷ ಅತ್ತೆಯ ಜೊತೆ ನಾನೂ ಹೋಗಿದ್ದೆ. ನೆನೆದ ಕೌದಿಯನ್ನು ಎತ್ತಲಾರದೆ ಅದರ ಜೊತೆಗೇ ಹಳ್ಳದಲ್ಲಿ ಕೂತುಬಿಟ್ಟೆ. "ಮೈಸೂರಾಕಿನ್ನ ಒಗೀರಿ ಮೊದ್ಲ, ಆಮ್ಯಾಲ ಕೌದಿ" ಎಂದು ಹಾಲಮ್ಮ ಹೇಳಿದ್ದಕ್ಕೆ ದಡವೆಲ್ಲ ನಕ್ಕಿತು. ಆ ಮಾತು ಆ ವರ್ಷವಿಡೀ ಓಣಿಯಲ್ಲಿ ಓಡಾಡಿಕೊಂಡಿತ್ತು.

ಎರಡನೆಯ ವರ್ಷ ದಸರೆಗೆ ಒಂದು ವಾರವಿರುವಾಗ ಅತ್ತೆ ಹಿರೇಹಡಗಲಿಗೆ ತಮ್ಮನ ಮನೆಗೆ ಹೋದರು. ಅವರು ಬರುವುದರೊಳಗೆ ಕೌದಿಗಳನ್ನು ಮನೆಯಲ್ಲೇ ಒಗೆದು ತೋರಿಸಬೇಕೆಂದು ನನಗೆ ಹಟ ಹತ್ತಿತು. ಹಳ್ಳವೂ ಬೇಡ, ನಗುವವರೂ ಬೇಡ. ನಳದ ನೀರನ್ನು ಎರಡು ಸರದಿ ಹಿಡಿದಿಟ್ಟೆ. ಕೌದಿಗೆ ಇಲ್ಲಿನವರು ಅಂಗಡಿಯ ಒಗೆಯುವ ಸೋಡಾ ಹಾಕಿ ನೆನೆಸಿ, ಕಲ್ಲಿಗೆ ಬಡಿಯುತ್ತಾರೆ. ಬಡಿಯುವ ಶಕ್ತಿ ನನಗಿರಲಿಲ್ಲ. ಆ ಕೊರತೆಯನ್ನು ಸೋಡಾದಿಂದ ತುಂಬಿಸಿದೆ. ಎರಡು ಹಿಡಿ ಹಾಕುವ ಕಡೆ ಪೊಟ್ಟಣಕ್ಕೆ ಪೊಟ್ಟಣವೇ ಸುರಿದೆ. ಮಾರನೆಯ ದಿನ ದೊಡ್ಡ ಹಂಡೆಗಳೆರಡರಲ್ಲೂ ಕಾಫಿಯ ಬಣ್ಣದ ನೀರು. ವರ್ಷವಿಡೀ ಮನೆಮಂದಿ ಹೊದ್ದ ಕೊಳೆಯೆಲ್ಲ ಅದರಲ್ಲಿತ್ತು.

ಅದನ್ನು ಎಲ್ಲಿಗೆ ಹಾಕಬೇಕು ಎಂಬ ಪ್ರಶ್ನೆ ಬಂದಾಗ ನಾನು ಮಾಡಿದ ತರ್ಕವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ರೇಗುತ್ತದೆ. ಮೈಸೂರಿನಿಂದ ಬಂದ ದಿನದ ಹುಡುಗಿಯಾಗಿದ್ದರೆ ಎರಡನೆಯ ಯೋಚನೆಯಿಲ್ಲದೆ ಬಚ್ಚಲಿಗೆ ಚೆಲ್ಲುತ್ತಿದ್ದೆ, ಗಿಡಗಳು ಬದುಕುತ್ತಿದ್ದವು. ಆದರೆ ಒಂದೂವರೆ ವರ್ಷದ ಪಾಠವಾಗಿತ್ತಲ್ಲ. ಇದು ಮನೆಯ ಮಣ್ಣು, ಆದ್ದರಿಂದ ಮಲ್ಲಿಗೆಗೆ. ಫಿನಾಯಿಲು ಪರ ಊರಿನದು, ಅದು ಬೇಡವಾಗಿತ್ತು. ಸೋಡಾ ಇವರದೇ, ಅಜ್ಜಿಯರ ಕಾಲದಿಂದ ಇವರು ಬಳಸಿದ್ದು. ಹಳ್ಳದಲ್ಲಿ ಆ ನೀರು ಹರಿದುಹೋಗುತ್ತಿತ್ತು, ಗಿಡದ ಬುಡಕ್ಕೆ ಎಂದೂ ಬಂದದ್ದಿಲ್ಲ ಎಂಬ ಸಣ್ಣ ಸಂಗತಿ ನನ್ನ ಎಂ.ಎ. ತಲೆಗೆ ಹೊಳೆಯಲಿಲ್ಲ. ತಂಬಿಗೆಯಿಂದ ಅಳೆದು, ಮೂರೂ ಪೊದೆಗೆ ಸಮನಾಗಿ, ಪಾತಿಯಿಂದ ಹೊರಗೆ ಹರಿಯದಂತೆ ಹೊಯ್ದೆ. ಬೆಳಗಿನ ಅರ್ಧ ಅದಕ್ಕೇ ಹೋಯಿತು.

ಗೋಡೆಯ ಮೇಲೆ ಹಾಲಮ್ಮನ ತಲೆ ಮೂಡಿತು. ಸ್ವಲ್ಪ ಹೊತ್ತು ನೋಡಿ, ನನ್ನ ಹೆಸರು ಹಿಡಿದು, "ಹನಿ ನೀರು ಬಿಡವಲ್ಲಿ ನೋಡು ಪದ್ಮವ್ವ. ಈಗ ನಮ್ಮಾಕಿ ಆದಿ" ಎಂದಳು.

ಈ ಮಾತು ನನ್ನ ನೆನಪಿನದು ಮಾತ್ರ. ಡೈರಿಯಲ್ಲಿ ಹಾಲಮ್ಮ ಇಲ್ಲ. ಅಲ್ಲಿರುವುದು ಎರಡೇ ಸಾಲು: "ನಾಲ್ಕು ಕೌದಿ ಒಗೆದೆ. ಒಂದು ಹನಿಯೂ ಚೆಲ್ಲಲಿಲ್ಲ." ಕೆಳಗೆ ಒಂದು ಗೆರೆ ಬೇರೆ ಎಳೆದಿದ್ದೇನೆ. ಆ ಊರಿಗೆ ಬಂದ ಮೇಲೆ ನಾನು ಹೆಮ್ಮೆಪಟ್ಟು ಗೆರೆ ಎಳೆದದ್ದು ಅದೊಂದೇ ಪುಟದಲ್ಲಿ.

ಅತ್ತೆ ಬಂದರು, ಕೌದಿಗಳನ್ನು ಮೂಸಿ ನೋಡಿದರು, "ಚಲೋ ಒಗದೀ" ಎಂದರು. ನೀರಿನ ವಿಷಯ ಕೇಳಲಿಲ್ಲ. ಹತ್ತು ಹದಿನೈದು ದಿನದಲ್ಲಿ ಮಲ್ಲಿಗೆಯ ಎಲೆಗಳ ಅಂಚು ಸುಟ್ಟಂತಾಯಿತು. ಹೂವಿನ ಕಾಲ ಮುಗಿದಿದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಚಳಿಗಾಲದಲ್ಲಿ ಎಂದಿನಂತೆ ಅತ್ತೆ ಕೊಂಬೆಗಳನ್ನು ಸವರಿದರು, ಬುಡಕ್ಕೆ ಗೊಬ್ಬರ ಕೊಟ್ಟರು, ಚಿಗುರಿಗೆ ಕಾದರು. ಚಿಗುರು ಬರಲಿಲ್ಲ. ಬಾವಿಕಟ್ಟೆಗೆ ಬಂದವರೆಲ್ಲ ಒಂದೊಂದು ಕಾರಣ ಹೇಳಿದರು. ಒಬ್ಬರಿಗೆ ಗೆದ್ದಲು, ಒಬ್ಬರಿಗೆ ಕೆಟ್ಟ ಕಣ್ಣು. ಬೇರು ಸುಣ್ಣದ ಕಲ್ಲಿಗೆ ತಾಗಿರಬೇಕು ಎಂದು ಇನ್ನೊಬ್ಬರು. ನಾನು ಅವರಿಗೆ ಚಹಾ ಕೊಡುತ್ತ ಎಲ್ಲವನ್ನೂ ಕೇಳಿಸಿಕೊಂಡೆ. ಅಷ್ಟರಲ್ಲಿ ನನಗೆ ಕಾರಣ ತಿಳಿದಿತ್ತು. ಶಾಲೆಯ ಪ್ರಯೋಗಶಾಲೆಯ ಪುಸ್ತಕವೊಂದನ್ನು ಗಂಡನಿಂದ ತರಿಸಿಕೊಂಡು ಓದಿದ್ದೆ. ಯಾಕೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಅತ್ತೆ ಸನಿಕೆ ತೆಗೆದುಕೊಂಡು ಮೂರು ಪೊದೆಗಳನ್ನೂ ತಾವೇ ಅಗೆದರು. ಬೇರು ಕೈಗೆ ಹಗ್ಗದ ಚೂರಿನಂತೆ ಬಂತು. ಪಾತಿಯ ಮಣ್ಣಿನ ಮೇಲೆ ಬೆಳ್ಳನೆಯ ಪೊರೆ ಕಟ್ಟಿತ್ತು. ಅದನ್ನು ಬೆರಳಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡರು. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು, ಪಕ್ಕಕ್ಕೆ ಉಗುಳಿದರು. ಹಾಲಮ್ಮ ಆ ದಿನ ಗೋಡೆ ಬಿಟ್ಟು ಈಚೆಗೇ ಬಂದಿದ್ದಳು.

"ಏನಾಗೈತಿ ಅಕ್ಕಾ?" ಎಂದು ಕೇಳಿದಳು.

"ಏನಿಲ್ಲ. ನಂದ ತಪ್ಪು. ಬ್ಯಾಸಿಗ್ಯಾಗ ಬಾವಿ ನೀರು ಹಾಕಿಬಿಟ್ಟಿದ್ನಿ, ಸವಳು ಏರೈತಿ" ಎಂದರು ಅತ್ತೆ.

ಅವರು ಮಲ್ಲಿಗೆಗೆ ಬಾವಿಯ ನೀರು ಹಾಕುವವರಲ್ಲ ಎಂದು ನನಗೆ ಗೊತ್ತು, ಹಾಲಮ್ಮನಿಗೆ ಗೊತ್ತು, ಇಡೀ ಓಣಿಗೆ ಗೊತ್ತು. ಹಾಲಮ್ಮ ತನ್ನ ಕಾಲ್ಬೆರಳು ನೋಡಿಕೊಂಡಳು. ನಾನು ಚೊಂಬು ಹಿಡಿದು ಅಲ್ಲೇ ನಿಂತಿದ್ದೆ. ಅತ್ತೆ ನನ್ನ ಕಡೆ ನೋಡಿದರು ಎಂದು ನನಗೆ ಎಷ್ಟೋ ವರ್ಷ ಅನಿಸಿತ್ತು. ಬರಬರುತ್ತ ಅವರು ಚೊಂಬಿನ ಕಡೆ ಕೈ ಚಾಚಿದ್ದು ಮಾತ್ರ ನೆನಪಾಗುತ್ತದೆ. ಬಾಯಿ ಮುಕ್ಕಳಿಸಲು ನೀರು ಬೇಕಿತ್ತು. ಮುಕ್ಕಳಿಸಿ, ಆ ನೀರನ್ನೂ ಹತ್ತಿರದ ತೊಂಡೆಯ ಬುಡಕ್ಕೇ ಉಗುಳಿದರು.

ಆಗಲೇ ಹೇಳಬಹುದಿತ್ತು. ಬೈಗುಳಕ್ಕೆ ಹೆದರಿದೆ ಎಂದು ಹೇಳುವಂತಿಲ್ಲ; ಆ ಹೆಂಗಸು ಬೈಯುವವರೇ ಅಲ್ಲ. ನಮ್ಮಾಕಿ ಆದಿ ಎಂಬ ಮಾತು ಇನ್ನೂ ಬಾಯಲ್ಲಿ ಸಿಹಿಯಾಗಿತ್ತು, ಅದನ್ನು ಉಗುಳಲು ಮನಸ್ಸಾಗಲಿಲ್ಲ ಅಂತ ಕಾಣುತ್ತದೆ. ಆ ಬೇಸಿಗೆಯಲ್ಲಿ ಹೂವಿಲ್ಲ. ಮೊದಮೊದಲು ಹೆಂಗಸರು ರೂಢಿಯಂತೆ ಬಂದು ಬಾವಿಕಟ್ಟೆಯಲ್ಲಿ ಕೂತರು. ಕೈಗೆ ಕೆಲಸವಿಲ್ಲದೆ ಮಾತು ಬೇಗ ಮುಗಿಯುತ್ತಿತ್ತು. ಆಮೇಲೆ ಮಾರುಕಟ್ಟೆಯಲ್ಲಿ ಹೂ ಕೊಳ್ಳುವವರು ಅಲ್ಲಿಂದಲೇ ಮನೆಗೆ ಹೋದರು. ನಾಲ್ಕೂವರೆಗೆ ಅತ್ತೆ ಮುಖ ತೊಳೆದು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ಐದೂವರೆಗೆ ಎದ್ದು, ಒರೆಸಿದ ನೆಲವನ್ನೇ ಇನ್ನೊಮ್ಮೆ ಒರೆಸುತ್ತಿದ್ದರು. ನಾಲ್ಕನೆಯ ಬಾನಿಯ ನೀರು ದಾಳಿಂಬೆಗೆ ಹೋಗತೊಡಗಿತು.

ಅತ್ತೆ ಹಿಂದೆ ಕೊಟ್ಟಿದ್ದ ಸಸಿಯಿಂದ ಬೆಳೆದ ಮಲ್ಲಿಗೆ ಗಿಡ ಹಾಲಮ್ಮನ ತವರಿನಲ್ಲಿತ್ತು. ಎರಡು ವರ್ಷ ಬಿಟ್ಟು, ನಾನೇ ಹೋಗಿ ಒಂದು ಬೇರು ಬಿಟ್ಟ ಕಡ್ಡಿ ತಂದೆ. ಹಳೆಯ ಪಾತಿಯ ಮಣ್ಣು ತೆಗೆಸಿ ಹೊಸ ಮಣ್ಣು ಹಾಕಿಸಿದೆ. ಎಷ್ಟು ಆಳ ತೆಗೆಯಬೇಕೆಂದು ಅತ್ತೆಯೇ ನಿಂತು ತೋರಿಸಿದರು; ಬರೀ ಸವಳಿಗೆ ಅಷ್ಟು ಆಳ ಬೇಕಾಗಿರಲಿಲ್ಲ ಎಂದು ಆಮೇಲೆ ಲೆಕ್ಕ ಹಾಕಿದೆ. ಗಿಡ ಈಗ ಚೆನ್ನಾಗಿದೆ, ಹೂ ಬಿಡುತ್ತದೆ. ಬರುವವರು ಮೂವರೋ ನಾಲ್ವರೋ. ಉಳಿದವರಿಗೆ ಬೇರೆ ದಾರಿ ರೂಢಿಯಾಗಿದೆ.

ನಾನೂ ಈಗ ಇಲ್ಲಿನ ಜೂನಿಯರ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಹಳ್ಳದಲ್ಲಿ ಕೌದಿ ಎತ್ತುತ್ತೇನೆ. ಆದರೂ ಓಣಿಯಲ್ಲಿ ನಾನು ಮೈಸೂರಾಕಿಯೇ. ತವರಿಗೆ ಹೋದರೆ ಇನ್ನೊಂದು ಫಜೀತಿ. ಅಮ್ಮ ನಲ್ಲಿ ಬಿಟ್ಟುಕೊಂಡು ಸೊಪ್ಪು ತೊಳೆಯುವುದನ್ನು ನನ್ನಿಂದ ನೋಡಲಾಗುವುದಿಲ್ಲ. ಕೆಳಗೆ ಬಕೆಟ್ ಇಡುತ್ತೇನೆ, ತುಂಬಿದ್ದನ್ನು ಹೊತ್ತು ಗುಲಾಬಿಗೆ ಹಾಕುತ್ತೇನೆ, ಹೊಸ ಮೊಸಾಯಿಕ್ ನೆಲದ ಮೇಲೆಲ್ಲ ತೊಟ್ಟಿಕ್ಕಿಸುತ್ತೇನೆ. "ಲೇ, ನಿನಗೆ ಮಾಡೋಕೆ ಬೇರೆ ಕೆಲಸ ಇಲ್ವೇನೇ? ಅವರ ಊರಲ್ಲಿ ನೀರಿಲ್ಲ, ಇಲ್ಲಿ ಇದೆ" ಎಂದು ಅಮ್ಮ ರೇಗುತ್ತಾರೆ. ಅವರ ಊರು ಎನ್ನುವಾಗ ಅದರೊಳಗೆ ನಾನು ಇದ್ದೇನೋ ಇಲ್ಲವೋ ತಿಳಿಯುವುದಿಲ್ಲ. ನಾನೂ ಅಮ್ಮನ ಮೇಲೆ ರೇಗುತ್ತೇನೆ. ಹಡಗಲಿಗೆ ಮರಳಿದ ದಿನವೇ ಬಾನಿಗಳ ಮೇಲೆ ರೇಗುತ್ತೇನೆ.

ಕಳೆದ ತಿಂಗಳು ಅತ್ತೆಯನ್ನು ಕಣ್ಣಿನ ಆಪರೇಷನ್ನಿಗೆಂದು ಮೈಸೂರಿಗೆ ಕರೆದುಕೊಂಡು ಹೋಗಿದ್ದೆವು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಒಂದು ವಾರ ಅಮ್ಮನ ಮನೆಯಲ್ಲೇ ಇದ್ದರು. ಎಡಗಣ್ಣಿಗೆ ಬಟ್ಟೆ ಕಟ್ಟಿತ್ತು. ಊಟವಾದ ಮೇಲೆ ನಾನು ಅವರನ್ನು ಕೈಹಿಡಿದು ಗೋಡೆಯ ಬೇಸಿನ್ನಿಗೆ ಕರೆದೊಯ್ದು ನಲ್ಲಿ ತಿರುಗಿಸಿದೆ. ಅವರು ಕೈ ತೊಳೆಯದೆ, ಒಂದೇ ಕಣ್ಣಿನಿಂದ ಬೇಸಿನ್ನಿನ ತೂತನ್ನು ನೋಡುತ್ತ ನಿಂತರು. ಅಡುಗೆಮನೆಯಲ್ಲಿ ಅಮ್ಮ, ಹಜಾರದಲ್ಲಿ ನನ್ನ ಗಂಡ. ಹತ್ತಿರ ನಾವಿಬ್ಬರೇ. ಹಡಗಲಿಯಲ್ಲಿ ಇಷ್ಟು ವರ್ಷ ಬಾಯಿಗೆ ಬಾರದ ಮಾತು ಅಲ್ಲಿ ಬಂತು. ಯಾಕೆ ಅಲ್ಲಿ ಎಂದು ನನಗೆ ತಿಳಿಯದು. ನನ್ನ ತವರಿನ ನೆಲದ ಮೇಲೆ ನಿಂತಿದ್ದೇನೆ ಎಂಬ ಧೈರ್ಯವಿರಬಹುದು, ಅಲ್ಲಿ ಅವರು ಪರ ಊರಿನವರಾಗಿದ್ದರು ಎಂಬ ಸಣ್ಣತನವೂ ಇರಬಹುದು. ಕೇಳಿದೆ.

ಅವರು ಕೇಳಿಸಿಕೊಂಡರು. ಆಪರೇಷನ್ ಕಣ್ಣಿಗೆ, ಕಿವಿಗಲ್ಲ. "ಈ ನೀರು ಎಲ್ಲಿಗೆ ಹೋಗ್ತೈತಿ?" ಎಂದು ಬೇಸಿನ್ನಿನ ತೂತನ್ನು ತೋರಿಸಿ ನನ್ನನ್ನೇ ಕೇಳಿದರು. ಇಪ್ಪತ್ತಮೂರು ವರ್ಷ ಆ ಮನೆಯಲ್ಲಿ ಬೆಳೆದವಳು ನಾನು. ಗೊತ್ತಿಲ್ಲ ಎಂದೆ. ಅವರು ಕೈ ತೊಳೆದುಕೊಂಡು, ಒರೆಸಿಕೊಳ್ಳಲು ನನ್ನ ಸೆರಗು ಹಿಡಿದರು. ಅದಾದ ಮೇಲೆ ಬಸ್ಸಿನಲ್ಲಿ ಹದಿಮೂರು ಗಂಟೆ ಪಕ್ಕಪಕ್ಕದಲ್ಲೇ ಕೂತು ಬಂದಿದ್ದೇವೆ. ಒಂದೇ ಹಿತ್ತಲಿನಲ್ಲಿ ದಿನಕ್ಕೆ ಹನ್ನೆರಡು ಸಲ ಎದುರಾಗುತ್ತೇವೆ. ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತೀ, ಅವತ್ತು ಮಣ್ಣು ನಾಲಿಗಿಗೆ ಹಚ್ಚಿ ನೋಡಿದಾಗ, ಅದು ನನ್ನ ಕೌದಿ ನೀರು ಅಂತ ನಿಮಗ ಗೊತ್ತಾತೇನು?"